ಶರಣ್ಯಾ ಹುಟ್ಟಿದ ಬಗೆ

ವಿಜಯನಗರದ ಪಾರ್ಕಿಗೆ ಸಂಜೆ ಬರುವ ಅಜ್ಜಿಯರಿಗೆಲ್ಲ ಮೊಮ್ಮಕ್ಕಳ ಹಿಂದೆ ಓಡುವುದೇ ಕೆಲಸ. ಬಸವರಾಜೇಶ್ವರಿಗೆ ಮಾತ್ರ ಆ ಕಷ್ಟವಿರಲಿಲ್ಲ. ಏಳು ವರ್ಷದ ಶರಣ್ಯಾ ಅಜ್ಜಿಯ ಪಕ್ಕ ಕಲ್ಲುಬೆಂಚಿನ ಮೇಲೆ ಕೂತು, ಡಬ್ಬಿಯಲ್ಲಿದ್ದ ನಿಪ್ಪಟ್ಟು ಮುರಿದು ತಿನ್ನುತ್ತ, ಉಳಿದ ಮಕ್ಕಳ ಆಟ ನೋಡುತ್ತಿದ್ದಳು.

“ಆ ಮಗೂನ ಒಂದ್ ಸಲ ಕೆಳಗಿಳಿಸಿ ರಾಜೇಶ್ವರಮ್ಮ,” ಅಂದರು ಪಕ್ಕದ ಮನೆಯ ಇಂದ್ರಮ್ಮ. “ಇಲ್ಲಾಂದ್ರೆ ಒಂದು ಗಾಜಿನ ಬೀರು ಮಾಡಿಸಿ, ಒಳಗಿಟ್ಟು ಬೀಗ ಹಾಕ್ಬಿಡಿ.”

“ನಮ್ಮ ಹುಡುಗಿ ಸ್ವಲ್ಪ ಸೂಕ್ಷ್ಮ ಕಣ್ರೀ,” ಎಂದು ಬಸವರಾಜೇಶ್ವರಿ ಮಾತು ತೇಲಿಸಿದರು.

ಯಾಕೆ ಸೂಕ್ಷ್ಮ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಗ ಗಿರಿರಾಜ್ ಮತ್ತು ಸೊಸೆ ಸೌಂದರ್ಯಾಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಕೊನೆಗೆ ಐವಿಎಫ್ ಮಾಡಿಸಿದರು. ಜನ ಪ್ರನಾಳ ಶಿಶು ಎನ್ನುವುದು ಇದನ್ನೇ: ಅಂಡವನ್ನೂ ವೀರ್ಯಾಣುವನ್ನೂ ಪ್ರಯೋಗಾಲಯದಲ್ಲಿ ಸೇರಿಸಿ, ಬೆಳೆದ ಭ್ರೂಣವನ್ನು ತಾಯಿಯ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ. ಸೌಂದರ್ಯಾಗೆ ಎರಡು ಭ್ರೂಣ ಇಟ್ಟರು; ಎರಡೂ ನಿಂತವು. ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಒಂದು ಮಗು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಉಳಿದವಳು ಶರಣ್ಯಾ.

ದಾವಣಗೆರೆಯ ನೆಂಟರಿಗೆ ಹೋದ ಸುದ್ದಿಯೇ ಬೇರೆ. ತುಂಬು ತಿಂಗಳು, ಒಂದೇ ಮಗು, ಎಲ್ಲ ಸಹಜ. ನಾಳೆ ಹೆಣ್ಣು ಕೇಳಲು ಬಂದವರು “ಆಸ್ಪತ್ರೇಲಿ ಮಾಡಿಸಿದ ಮಗುವಂತೆ, ಇವಳಿಗೆ ಮಕ್ಕಳಾಗ್ತಾವೋ ಇಲ್ವೋ” ಎಂದರೆ ಏನು ಗತಿ ಎಂಬ ಭಯ ಬಸವರಾಜೇಶ್ವರಿಗೆ. ತೀರಿಕೊಂಡ ಮಗುವಿನ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೀಗಿರುವಾಗ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಶರಣ್ಯಾಳ ಬಿಪಿ ವಯಸ್ಸಿಗೆ ಮೀರಿ ಇದೆ, ಮಕ್ಕಳ ಡಾಕ್ಟರಿಗೆ ತೋರಿಸಿ ಎಂದು ಟೀಚರ್ ಫೋನ್ ಮಾಡಿದರು.

ಹಾವನೂರು ಸರ್ಕಲ್ ಹತ್ತಿರದ ಡಾಕ್ಟರ್ ಶೈಲಾ ಅವರ ಕ್ಲಿನಿಕ್ಕಿಗೆ ಇವರು ಹೋಗಿದ್ದು ಅದೇ ಮೊದಲು. ಮನೆಯ ಹಿರಿಯರು ಜೊತೆಗಿದ್ದರೆ ಡಾಕ್ಟರ ಎದುರಿನ ಕುರ್ಚಿ ಅವರದ್ದೇ, ಉತ್ತರ ಹೇಳುವ ಬಾಯಿಯೂ ಅವರದ್ದೇ. ಬಸವರಾಜೇಶ್ವರಿ ಕೂತರು. ಸೌಂದರ್ಯಾ ಬ್ಯಾಗ್ ಹಿಡಿದು ಹಿಂದೆ ನಿಂತಳು.

ಡಾಕ್ಟರ್ ಶರಣ್ಯಾಳ ತೋಳಿಗೆ ಮಕ್ಕಳ ಅಳತೆಯ ಪಟ್ಟಿ ಕಟ್ಟಿ ಎರಡು ಸಲ ಬಿಪಿ ನೋಡಿದರು. “ಸ್ವಲ್ಪ ಜಾಸ್ತಿನೇ ಇದೆ. ಒಂದು ದಿನದ ಅಳತೆ ನೋಡಿ ಕಾಯಿಲೆ ಅಂತ ಹೇಳಕ್ಕಾಗಲ್ಲ. ಮುಂದಿನ ವಾರ ಮತ್ತೆ ಬನ್ನಿ. ಮಗು ತುಂಬು ತಿಂಗಳಿಗೆ ಹುಟ್ಟಿದ್ದಾ? ತೂಕ ಎಷ್ಟಿತ್ತು?”

“ತುಂಬು ತಿಂಗಳು ಡಾಕ್ಟ್ರೇ. ಮೂರು ಕೇಜಿ. ಎಲ್ಲಾ ಚೆನ್ನಾಗೇ ಆಯ್ತು.”

ಸೌಂದರ್ಯಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ತಿರುಗಿ ನೋಡಿದರು.

“ಹಾಗಾದ್ರೆ ಕಾರಣ ಬೇರೆ ಕಡೆ ಹುಡುಕ್ಬೇಕು,” ಅಂದರು ಡಾಕ್ಟರ್.

ಮನೆಗೆ ಮರಳುವಾಗ ಆಟೋದಲ್ಲಿ ಸೌಂದರ್ಯಾ ತಡೆಯಲಾರದೆ ಕೇಳಿದಳು. “ಡಾಕ್ಟರ್ ಹತ್ರನೂ ಸುಳ್ಳು ಹೇಳ್ಬೇಕಾ ಅತ್ತೆ?”

“ಮೆಲ್ಲಗೆ. ಆಟೋದವನು ಕೇಳಿಸ್ಕೊಳ್ತಾನೆ.”

“ಕೇಳಿಸ್ಕೊಳ್ಳಲಿ. ಅವರ ಮನೆಗೇನು ಹೆಣ್ಣು ಕೊಡ್ತಾ ಇದೀವಾ?”

“ಮಗು ಮುಂದೆ ಆ ಮಾತು ಬೇಡ ಅಂದೆ!”

ಇಬ್ಬರ ನಡುವೆ ಕೂತಿದ್ದ ಶರಣ್ಯಾ ಹೊರಗೆ ನೋಡುತ್ತಿದ್ದಳು. ಸೌಂದರ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಬಸವರಾಜೇಶ್ವರಿ ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದರು.

“ಅಜ್ಜಿ, ನಾನು ಯಾವಾಗ ಸಾಯ್ತೀನಿ?”

“ಥೂ! ಏನು ಮಾತು ಅಂತ ಆಡ್ತೀಯೇ?”

“ನಂಗೊತ್ತು. ನಂಗೇನೋ ದೊಡ್ಡ ಕಾಯಿಲೆ ಇದೆ. ಅದಕ್ಕೇ ಓಡಬೇಡ ಅಂತೀಯ. ನಾನು ಬಂದ ತಕ್ಷಣ ನೀನು, ಅಮ್ಮ ಮಾತು ನಿಲ್ಲಿಸ್ತೀರ. ಡಾಕ್ಟರ್‌ಗೂ ನೀನು ಹೇಳ್ಲಿಲ್ಲ. ಅಮ್ಮ ಅತ್ತಳು.” ಶರಣ್ಯಾ ಮುಂದುವರಿಸಿದಳು: “ನನ್ನ ಸ್ಕೆಚ್ ಪೆನ್ನೆಲ್ಲಾ ಇಂದ್ರಮ್ಮಜ್ಜಿ ಮೊಮ್ಮಗಳಿಗೆ ಕೊಟ್ಬಿಡಿ. ಹಳದಿ ಒಂದು ಬರೆಯಲ್ಲ.”

ಹೆಣೆದಷ್ಟೂ ಜಡೆ ಬಸವರಾಜೇಶ್ವರಿಯ ಕೈಯಿಂದ ಬಿಚ್ಚಿಹೋಯಿತು. ಜನರ ಮಾತು ಮಗುವಿಗೆ ತಾಗದಿರಲಿ ಎಂದು ಅವರು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದರು. ಮಗು ಆ ಮೌನವನ್ನೇ ದಿನದಿನವೂ ಕೇಳಿಸಿಕೊಂಡು, ತನಗೆ ತಾನೇ ಸಾವಿನ ಕಥೆ ಕಟ್ಟಿಕೊಂಡಿತ್ತು.

ಮುಂದಿನ ವಾರ ಬಿಪಿ ಮತ್ತೆ ತುಸು ಹೆಚ್ಚೇ ಬಂತು. ನರ್ಸ್ ಶರಣ್ಯಾಳನ್ನು ಎತ್ತರ, ತೂಕ ನೋಡಲು ಹೊರಗೆ ಕರೆದೊಯ್ದಾಗ ಬಸವರಾಜೇಶ್ವರಿ ಡಾಕ್ಟರ ಮುಂದೆ ಕೈಮುಗಿದರು.

“ಹೋದ ಸಲ ಸುಳ್ಳು ಹೇಳ್ದೆ ಡಾಕ್ಟ್ರೇ. ಐವಿಎಫ್ ಮಾಡ್ಸಿದ್ವಿ. ಇಬ್ಬರು ಹುಟ್ಟಿದ್ರು. ಒಬ್ಬಳು ಉಳೀಲಿಲ್ಲ. ಇವಳೂ ಎರಡು ಕೇಜಿ ಇರ್ಲಿಲ್ಲ.” ಸೌಂದರ್ಯಾ ಅತ್ತೆಯ ಭುಜದ ಮೇಲೆ ಕೈಯಿಟ್ಟಳು. ಏಳು ವರ್ಷದಲ್ಲಿ ಆ ಮಗು ಇತ್ತೆಂದು ಅತ್ತೆಯ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಡಾಕ್ಟರ್ ಬೈಯಲಿಲ್ಲ. “ಈಗ ದಾರಿ ಕಾಣ್ತು ನೋಡಿ. ಬಿಪಿ ಹತೋಟಿಯಲ್ಲಿಡೋದು ಮೂತ್ರಪಿಂಡ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದು ಪೂರ್ತಿ ಬೆಳೆದಿರಲ್ಲ. ಮುಂದೆ ಬಿಪಿ ಏರೋ ಸಾಧ್ಯತೆ ಸ್ವಲ್ಪ ಜಾಸ್ತಿ. ಐವಿಎಫ್ ಮಗುವಾದ್ರೂ ಅಷ್ಟೇ, ಅಲ್ದಿದ್ರೂ ಅಷ್ಟೇ. ಮೂತ್ರ ಪರೀಕ್ಷೆ, ಒಂದು ಸ್ಕ್ಯಾನ್ ಮಾಡಿಸೋಣ.”

“ನಾವು ಐವಿಎಫ್ ಮಾಡಿಸಿದ್ದೇ ತಪ್ಪಾಯ್ತಾ ಡಾಕ್ಟರ್?” ಸೌಂದರ್ಯಾ ಕೇಳಿದಳು.

“ಇಲ್ಲಮ್ಮ. ಹೀಗೆ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಎಲ್ಲರ ಹಾಗೇ ಆರೋಗ್ಯವಾಗಿ ಬೆಳೀತಾರೆ. ಮೊದಮೊದಲು ಹುಟ್ಟಿದವರಿಗೆ ಈಗ ನಲವತ್ತು ದಾಟಿದೆ. ಅವರಲ್ಲಿ ತಾಯಂದಿರಾದವರೂ ಇದಾರೆ. ತೊಂದರೆ ಹೆಚ್ಚಾಗಿ ಬರೋದು ಅವಳಿ ಆದಾಗ, ದಿನ ತುಂಬದಿದ್ದಾಗ. ಅದಕ್ಕೇ ಈಗ ಆದಷ್ಟೂ ಒಂದೇ ಭ್ರೂಣ ಇಡ್ತಾರೆ. ಐವಿಎಫ್‌ನಿಂದ ಒಂಟಿಯಾಗಿ ಹುಟ್ಟಿದವರಲ್ಲೂ ಬಿಪಿ ಒಂಚೂರು ಹೆಚ್ಚಿರಬಹುದು ಅಂತ ಕೆಲವು ಅಧ್ಯಯನ ಹೇಳ್ತವೆ, ಕೆಲವು ಇಲ್ಲ ಅಂತವೆ. ಇದ್ರೂ ಅದು ಚಿಕಿತ್ಸೆಯಿಂದಲೋ, ಅಪ್ಪ ಅಮ್ಮನ ಆರೋಗ್ಯದಿಂದಲೋ, ಇನ್ನೂ ಸರಿಯಾಗಿ ಗೊತ್ತಿಲ್ಲ. ಹಾಗಂತ ಹೆದರ್ಕೊಂಡು ಕೂರಬೇಡಿ. ವರ್ಷ ವರ್ಷ ತಪ್ಪದೆ ತೋರಿಸಿ.”

“ಓಡಾಡಬಹುದಾ ಅವಳು?” ಅಜ್ಜಿ ಕೇಳಿದರು.

“ಓಡಲೇಬೇಕು! ಕೂರಿಸಿ ಕೂರಿಸಿ ಕುರುಕಲು ತಿನ್ನಿಸಿದ್ರೆ ಎಂಥಾ ಮಗುವಿಗೂ ಬಿಪಿ ಬರತ್ತೆ. ಉಪ್ಪು ಕಡಿಮೆ ಮಾಡಿ, ಆಟ ಜಾಸ್ತಿ ಮಾಡಿ.”

ಶರಣ್ಯಾ ಒಳಗೆ ಬಂದಳು. ಬಸವರಾಜೇಶ್ವರಿ ಅವಳನ್ನು ಎದುರು ನಿಲ್ಲಿಸಿಕೊಂಡರು.

“ನಿಂಗೆ ಸಾಯೋ ಕಾಯಿಲೆ ಇಲ್ಲ ಕಣೇ, ಡಾಕ್ಟ್ರನ್ನೇ ಕೇಳು. ನೀನು ಪುಟಾಣಿಯಾಗಿ, ಬೇಗ ಹುಟ್ಟಿಬಿಟ್ಟೆ. ನೀನು ಬರೋಕೆ ಡಾಕ್ಟರು ಸಹಾಯ ಮಾಡಿದ್ರು. ನಿನ್ನ ಜೊತೆ ಒಬ್ಬಳು ತಂಗಿ ಇದ್ದಳು. ಅವಳನ್ನ ಉಳಿಸ್ಕೊಳ್ಳಕ್ಕಾಗಲಿಲ್ಲ. ನಿನ್ನೂ ಕಳ್ಕೊಂಡುಬಿಡ್ತೀನೇನೋ ಅಂತ ನಂಗೆ ಭಯ. ಅದಕ್ಕೇ ಓಡಬೇಡ ಅಂತಿದ್ದೆ.”

ಶರಣ್ಯಾ ಅಜ್ಜಿಯ ಮುಖವನ್ನೇ ನೋಡಿದಳು. “ತಂಗೀಗೆ ಹೆಸರೇನು?”

“ಇಟ್ಟಿಲ್ಲಮ್ಮ,” ಅಂದಳು ಸೌಂದರ್ಯಾ. “ಮನೇಗೆ ಹೋಗಿ, ಎಲ್ಲರೂ ಕೂತು ಇಡೋಣ.”

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಚಿಕಿತ್ಸೆಯಿಂದ ಹುಟ್ಟಿದ ಮಗುವಿರಬಹುದು. ಊರಿಗೆಲ್ಲ ಹೇಳಿ ಎಂದು ನಾವು ಕೇಳುತ್ತಿಲ್ಲ; ಅದು ನಿಮಗೆ ಬಿಟ್ಟಿದ್ದು. ಮಕ್ಕಳ ವೈದ್ಯರಿಗೆ ಮಾತ್ರ ಹೇಳಿ: ಹೇಗೆ ಗರ್ಭ ನಿಂತಿತು, ಎಷ್ಟು ತಿಂಗಳಿಗೆ ಹುಟ್ಟಿತು, ತೂಕ ಎಷ್ಟಿತ್ತು. ಲಸಿಕೆ ತಪ್ಪಿಸಬೇಡಿ. ವರ್ಷಕ್ಕೊಮ್ಮೆ ಬಿಪಿ, ಎತ್ತರ, ತೂಕ ನೋಡಿಸಿ. ಬೇರೆ ಮಕ್ಕಳ ಜೊತೆ ಆಡಲು ಬಿಡಿ. ಚಿಕಿತ್ಸೆಗೆ ಹೊರಟವರು ಒಂದೇ ಭ್ರೂಣ ಇಡುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮಗು ಕೇಳುವ ವಯಸ್ಸಿಗೆ ಬಂದಾಗ, ಅದಕ್ಕೆ ಅರ್ಥವಾಗುವಷ್ಟು ನಿಜವನ್ನು ನೀವೇ ಹತ್ತಿರ ಕೂರಿಸಿಕೊಂಡು ಹೇಳಿ. ಹೆದರಿಕೆಯಲ್ಲಿ ಅದು ಒಂಟಿಯಾಗುವ ಮೊದಲೇ ಹೇಳಿ.