ಕೊನೆಗೆ ಬಂದಳು ಅಮ್ಮ

"ಡೋಲು ನಿಲ್ಲಿಸ್ರೇ. ಇವಳು ತಪ್ಪು ಹೇಳಿದ್ಲು."

ಕಿನ್ಸಿಯ ಮಾತಿಗೆ ಮದುವೆಮನೆಯ ಹೆಂಗಸರೆಲ್ಲ ಚಪ್ಪಾಳೆ ನಿಲ್ಲಿಸಿ ತಿರುಗಿದರು. ನಡುವೆ ನಿಂತು ಪದ ಹೇಳುತ್ತಿದ್ದ ಹೋದಾನ್ ಬೀಸಿದ ಸೆರಗನ್ನು ಮೆಲ್ಲಗೆ ಇಳಿಸಿದಳು.

ಬುರಾವ್ ಊರಿನಲ್ಲಿ ಪದ ಕಟ್ಟುವವರು ಬೇರೆ, ಅದನ್ನು ಬಾಯಲ್ಲಿ ಹೊತ್ತು ಮನೆಮನೆಗೆ ಮುಟ್ಟಿಸುವವರು ಬೇರೆ. ಹೊರುವವಳು ಮೊದಲು ಕಟ್ಟಿದವಳ ಹೆಸರು ಹೇಳಬೇಕು, ಆಮೇಲೆ ಒಂದು ಮಾತನ್ನೂ ಕದಲಿಸದೆ ಒಪ್ಪಿಸಬೇಕು. ಕದಲಿಸಿದವಳಿಗೆ ಮತ್ತೆ ಯಾರೂ ಪದ ಕೊಡುವುದಿಲ್ಲ. ಪದ ಕಟ್ಟುವ ಅಜ್ಜಿ ಅವ್ರಲಳ ಪದಗಳನ್ನು ಕಿನ್ಸಿ ತನ್ನ ಮದುವೆಗೂ ಮುಂಚಿನಿಂದ ಹೊತ್ತವಳು. ಈ ಸಲ ಅಜ್ಜಿ ಹೊಸ ಪದವನ್ನು ತನ್ನ ಮೊಮ್ಮಗನ ಹೆಂಡತಿ, ನಿನ್ನೆ ಮೊನ್ನೆ ಬಂದ ಹೋದಾನ್‌ಗೆ ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಕಿನ್ಸಿಯ ಹೊಟ್ಟೆಯಲ್ಲಿ ಬೆಂಕಿ. ಆ ಹುಡುಗಿಯ ದನಿ ಚೆನ್ನಾಗಿದೆ ಅಂತ ಯಾರಾದರೂ ಅಂದರೆ ಸಾಕು, ಕೈಯಲ್ಲಿರುವ ಚಹಾ ಕಹಿಯಾಗುತ್ತಿತ್ತು.

"ಏನು ತಪ್ಪು, ಚಿಕ್ಕಮ್ಮ?" ಹೋದಾನ್ ಕೇಳಿದಳು. "'ಅಮ್ಮ ಬಂದಳು ಸೊಂಟದಲ್ಲಿ ಸತ್ತ ಒಂಟೆಯ ಗಂಟೆ ಆಡಿಸುತ್ತ.' ಅಜ್ಜಿ ಹೀಗೇ ಹೇಳಿಕೊಟ್ಟಿದ್ದು."

ತಪ್ಪೇನೂ ಇರಲಿಲ್ಲ. ಅಜ್ಜಿ ಪದ ಕಟ್ಟುವಾಗ ಕಿನ್ಸಿ ಬಾಗಿಲ ಹೊರಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೆ ತಪ್ಪು ಅಂದ ಮೇಲೆ ಏನಾದರೂ ತೋರಿಸಬೇಕಲ್ಲ. ಬಾಯಿಗೆ ಬಂದಂತೆ ಮಾತುಗಳನ್ನು ಹಿಂದೆಮುಂದೆ ಮಾಡಿದಳು.

"'ಸೊಂಟದಲ್ಲಿ ಗಂಟೆ ಆಡಿಸುತ್ತ, ಸತ್ತ ಒಂಟೆಯ ಗಂಟೆ, ಬಂದಳು ಅಮ್ಮ.' ಅಜ್ಜಿ ಕಟ್ಟಿದ್ದು ಹೀಗೆ. ಅಮ್ಮ ಕೊನೇಲಿ ಬರ್ತಾಳೆ ಕಣೇ."

ಯುದ್ಧದ ವರ್ಷ ಊರು ಬಿಟ್ಟು ಓಡಿ, ಹಿಂದೆ ಉಳಿದವರ ದಾರಿ ಕಾದಿದ್ದ ಮುದುಕಿಯರು ತುಟಿಗೆ ಸೆರಗು ಒತ್ತಿಕೊಂಡರು. ಇದೇ ಸರಿ ಎಂದು ಒಬ್ಬಳು ಅಂದಳು, ಉಳಿದವರೂ ಅದನ್ನೇ ಅಂದರು. ಹೋದಾನ್‌ಳ ಕಣ್ಣು ತುಂಬಿತು. ಕಿನ್ಸಿ ಹಲ್ವದ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಅದು ಸಿಹಿಯಾಗಿತ್ತು.

ಬೆಳಿಗ್ಗೆ ಹೋದಾನ್ ಅವಳನ್ನು ಅಜ್ಜಿಯ ಹತ್ತಿರ ಎಳೆದುಕೊಂಡೇ ಹೋದಳು. ಅಜ್ಜಿ ಚಾಪೆಯ ಮೇಲೆ ಒರಗಿಕೊಂಡು ಇಬ್ಬರ ಬಾಯಲ್ಲೂ ಪದ ಕೇಳಿದಳು. ಕದಲಿಸಿದ್ದಾಳೆ ಅಂತ ಅಜ್ಜಿ ಒಂದು ಮಾತು ಅಂದರೆ ಊರಲ್ಲಿ ಕಿನ್ಸಿಯ ಬಾಯಿಗೆ ಬೆಲೆಯಿಲ್ಲ.

"ಇನ್ನೊಂದ್ಸಲ ಹೇಳು," ಅಜ್ಜಿ ಅಂದಳು. ಕಿನ್ಸಿ ಹೇಳಿದಳು. ಅಜ್ಜಿ ಆ ಸಾಲನ್ನು ತಾನೂ ಒಮ್ಮೆ ಹೇಳಿ ನೋಡಿದಳು.

"ಕಿನ್ಸಿ ಹೇಳಿದ್ದೇ ಸರಿ. ನನ್ನ ಪದ ಇರೋದು ಹಾಗೇ. ಹೋದಾನ್, ಬಾಯಿಪಾಠ ಮಾಡ್ಕೋ. ಹೋಗು, ಮೊದಲು ಚಹಾ ಇಡು."

ಹುಡುಗಿ ಒಳಗೆ ಹೋದಳು. ಕಿನ್ಸಿ ಗೆದ್ದ ಉಸಿರು ಬಿಡುವಷ್ಟರಲ್ಲಿ ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

"ಇಷ್ಟು ವರ್ಷ ನನ್ನ ಜೊತೆಗಿದ್ದೀಯ. ನಿಂಗೆ ಕಟ್ಟೋಕೂ ಬರತ್ತೆ ಅಂತ ಒಂದಿನಾನೂ ಹೇಳ್ಲಿಲ್ಲವಲ್ಲೇ."

"ಅಜ್ಜಿ, ನಾನು..."

"ಸುಮ್ನಿರು. ನನ್ನ ಹೆತ್ತಮ್ಮನ ಮೇಲೆ ನಾನು ಕಟ್ಟಿದ ಪದ ಅದು. ಅವಳನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೇ ತಿಳೀಲಿಲ್ಲ, ನಿನ್ನ ಹೊಟ್ಟೆಕಿಚ್ಚಿಗೆ ತಿಳೀತು. ಆದ್ರೆ ಕಟ್ಟೋಳ ಬಾಯಲ್ಲಿ ಇನ್ನೊಬ್ಬರ ಪದ ನೆಟ್ಟಗೆ ನಿಲ್ಲಲ್ಲ ಮಗಳೇ. ಇನ್ಮೇಲೆ ನನ್ನ ಪದ ಹೋದಾನೇ ಹೊರ್ಲಿ."

ಆ ಸಾಲು ತನ್ನದು ಎಂದು ಕಿನ್ಸಿ ಅನ್ನುವಂತಿಲ್ಲ, ಹಾಗೆ ಅಂದರೆ ಪದ ಕದಲಿಸಿದ್ದನ್ನು ಒಪ್ಪಿಕೊಂಡಂತೆ. ಬಾಯಿಗೆ ಬಿದ್ದ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಒಲೆಯ ಕಡೆಯಿಂದ ಏಲಕ್ಕಿ ಕುಟ್ಟುವ ಸದ್ದಿನ ಜೊತೆ ಹುಡುಗಿಯ ದನಿ ಬಂತು. ಆ ದನಿ ನಿಜಕ್ಕೂ ಚೆನ್ನಾಗಿತ್ತು.

"ಇದು ಅವ್ರಲಳ ಮಾತು, ನನ್ನದಲ್ಲ," ಎಂದು ರೂಢಿಯಂತೆ ಶುರುಮಾಡಿದಳು ಹೋದಾನ್. ಗಂಟೆ ಬಂತು, ಸತ್ತ ಒಂಟೆ ಬಂತು. ಅಲ್ಲಿ ಹುಡುಗಿ ಒಂದು ಗಳಿಗೆ ತಡೆದಳು. ಇತ್ತ ಚಾಪೆಯ ಅಂಚಿನಲ್ಲಿ, ಸೆರಗಿನ ಮರೆಯಲ್ಲಿ, ಕಿನ್ಸಿಯ ತುಟಿ ಅವಳಿಗಿಂತ ಮೊದಲೇ 'ಬಂದಳು ಅಮ್ಮ' ಎಂದಿತು.