ನಲವತ್ತು ಸಾವಿರದ ಕಾಂಟೆಸ್ಸಾ

ಆಂಟಾಪ್ ಹಿಲ್‌ನ ಗುರಲಿಂಗಪ್ಪ ಮೇಸ್ತ್ರಿಗೆ ಹಳೇ ಕಾರುಗಳ ಹುಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನಿಗಿದ್ದದ್ದು ಒಂದೇ ಕಾರಿನ ಹುಚ್ಚು. ಎಂಬತ್ತೊಂಬತ್ತನೇ ಇಸವಿಯ ಬಿಳೀ ಕಾಂಟೆಸ್ಸಾ. ಅವನ ತಗಡಿನ ಗ್ಯಾರೇಜಿನ ಹಿಂಬದಿಯಲ್ಲಿ ಹದಿನಾರು ವರ್ಷದಿಂದ ಅದು ರಾಣಿಯ ಹಾಗೆ ನಿಂತಿತ್ತು. ಮೇಲೆ ಹೊದಿಕೆ ಬೇರೆ! ಅದೂ ಹೆಂಡತಿ ಲಕ್ಷ್ಮವ್ವ ಕೈಯಾರೆ ಹೊಲಿದ ಕೌದಿ. ಮನುಷ್ಯರು ಹೊದೆಯಲಿ ಎಂದು ಅವಳು ಹೊಲಿದದ್ದು, ಇವನು ಒಯ್ದು ಕಾರಿಗೆ ಹೊದಿಸಿದ. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಇಂಥ ಕಾರನ್ನು ನೋಡಲು ಬಾಂದ್ರಾದಿಂದ ಸುಕೇಶ್ ಎಂಬ ಮೂವತ್ತೈದರ ಹುಡುಗ ಬಂದ. ಅಜ್ಜನ ಕಾಲಕ್ಕೇ ಉಡುಪಿ ಬಿಟ್ಟು ಬಂದ ಮನೆತನ. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಹತ್ತುತ್ತದೆ. ಕೌದಿ ತೆಗೆದು, ಬಾನೆಟ್ ಎತ್ತಿ, ಕೆಳಗೆ ನುಸುಳಿ, ಸುಮಾರು ಒಂದು ತಾಸು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಅಂಕಲ್, ಹನ್ನೊಂದು ಲಕ್ಷ ಕೊಡ್ತೇನೆ," ಎಂದ.

ಗುರಲಿಂಗಪ್ಪ ಪಕ್ಕದ ಟೈರಿನ ಮೇಲೆ ಕೂತೇಬಿಟ್ಟ.

"ಯಾವುದಕ್ಕ?"

"ಇದಕ್ಕೇ. ಸಣ್ಣವರಿದ್ದಾಗ ನಾವೆಲ್ಲ ಇದರ ಹಿಂದಿನ ಸೀಟಲ್ಲಿ ಕೂತವರು ಅಲ್ವಾ? ಅಭೀ ಸಬ್ ಕೋ ಚಾಹಿಯೇ, ಎಲ್ಲರಿಗೂ ಬೇಕು. ವರ್ಷ ವರ್ಷ ರೇಟ್ ಮೇಲೆ ಹೋಗ್ತಾ ಉಂಟು. ಎಲ್ಲರೂ ಡೀಸೆಲ್ ಇಂಜಿನ್ ಹಾಕಿಸಿ ಹಾಳು ಮಾಡಿದ್ದಾರೆ. ನಿಮ್ಮದು ಅಸಲಿ."

ಮಾರುವ ಮನಸ್ಸು ಗುರಲಿಂಗಪ್ಪನಿಗೆ ಒಂದಿಷ್ಟೂ ಇರಲಿಲ್ಲ. ಆದರೆ ಬಿಲ್ಡಿಂಗ್ ಬರುತ್ತದೆಂದು ಗ್ಯಾರೇಜುಗಳ ಸಾಲಿಗೆಲ್ಲ ನೋಟೀಸು ಅಂಟಿಸಿದ್ದರು. ತಿಂಗಳ ಕೊನೆಗೆ ಜಾಗ ಖಾಲಿ. ಹತ್ತಡಿ ಉದ್ದದ ಚಾಳ್ ಕೋಣೆಯಲ್ಲಿ ಹದಿನೈದು ಅಡಿ ಕಾರನ್ನು ಎಲ್ಲಿ ಮಲಗಿಸುವುದು? ರಸ್ತೆಗೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಕನ್ನಡಿ, ದೀಪ, ಗಾಲಿ ಒಂದೊಂದೇ ಮಾಯ. ಹನ್ನೊಂದು ಲಕ್ಷ ಬಂದರೆ ಅಂಬರ್‌ನಾಥ್ ಕಡೆ ಸ್ವಂತದ್ದೊಂದು ಶೆಡ್ಡಾದರೂ ಆದೀತು. ಹೂಂ ಎಂದ. ಎಂದಮೇಲೆ ನೆನಪಾಯಿತು, ಕಾಗದದಲ್ಲಿ ಕಾರು ಅವನದಲ್ಲವೇ ಅಲ್ಲ.

ಅದು ವಿಲೆ ಪಾರ್ಲೆಯ ದೂಜ ಪೂಜಾರಿಯವರದು. ಸ್ಟೇಷನ್ ಎದುರಿಗೆ ಮೂವತ್ತು ವರ್ಷ ಹೋಟೆಲ್ ನಡೆಸಿದ ಆಸಾಮಿ. ಕಾಂಟೆಸ್ಸಾ ಕೊಂಡ ದಿನದಿಂದಲೂ ಅದರ ಆರೈಕೆ ಗುರಲಿಂಗಪ್ಪನದೇ. ಪ್ರತಿ ಮೇ ತಿಂಗಳು ಊರಿಗೆ ಹೊರಟರೆ ಇವನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದು. "ಡಾಕ್ಟ್ರು ಜೊತೆಗಿರ್ಲಿ ಮಾರಾಯ," ಎನ್ನುತ್ತಿದ್ದರು ಪೂಜಾರಿಯವರು. ಆಹಾ, ಏನು ಪ್ರಯಾಣಗಳವು! ಕಿಟಕಿ ಇಳಿಸಿ ಮಹಾಡ್ ದಾಟುವಾಗಲೇ ಅರ್ಧ ಬುತ್ತಿ ಖಾಲಿ. ಒಂದು ಸಲ ಕಶೇಡಿ ಘಾಟಿಯಲ್ಲಿ ಪೆಟ್ರೋಲ್ ಟ್ಯಾಂಕು ಸೋರತೊಡಗಿತು. ಸುತ್ತ ಒಂದು ಅಂಗಡಿಯೂ ಇಲ್ಲ. ಪೂಜಾರಿಯವರ ಹೆಂಡತಿ ಪ್ರಫುಲ್ಲಕ್ಕ ತನ್ನ ಚೀಲದಿಂದ ಹೊಸ ಗಂಧದ ಸಾಬೂನು ತೆಗೆದು ಕೊಟ್ಟರು, ಇವನು ಅದನ್ನು ನಾದಿ ಬಿರುಕಿಗೆ ಮೆತ್ತಿದ. ಉಡುಪಿಯವರೆಗೂ ಒಂದು ಹನಿ ಸೋರಲಿಲ್ಲ. ದಾರಿಯುದ್ದಕ್ಕೂ ಗಂಧ ಮತ್ತು ಪೆಟ್ರೋಲು ಬೆರೆತ ವಾಸನೆ. ಗುರಲಿಂಗಪ್ಪನ ಪಾಲಿಗೆ ಸುಖ ಎಂದರೆ ಇವತ್ತಿಗೂ ಅದೇ ವಾಸನೆ.

ಹೋಟೆಲಿನ ಹುಡುಗರ ಮದುವೆಗೆಲ್ಲ ಹೂವು ಸುತ್ತಿಕೊಂಡು ಹೋದದ್ದು ಇದೇ ಕಾರು. ಇವನ ಮಗಳು ಶಿವಕುಮಾರಿ ಹುಟ್ಟಿದಾಗ ಸಾಯನ್ ಆಸ್ಪತ್ರೆಯಿಂದ ಬಾಣಂತಿ, ಕೂಸು ಇಬ್ಬರನ್ನೂ ಪೂಜಾರಿಯವರೇ ಡ್ರೈವ್ ಮಾಡಿ ಚಾಳ್‌ಗೆ ತಂದುಬಿಟ್ಟರು. ಕೂಸು ಕುಲುಕಬಾರದೆಂದು ದಾರಿಪೂರ್ತಿ ಎರಡನೇ ಗೇರಿನಲ್ಲೇ! ಹಿಂದಿನಿಂದ ಟ್ಯಾಕ್ಸಿಯವರು ಬೈದದ್ದಕ್ಕೆ ಲೆಕ್ಕವಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹೋಟೆಲು ಮುಚ್ಚಿತು. ಗುಜರಿಯವ ಬಂದು ಕಾರಿಗೆ ಹದಿನೆಂಟು ಸಾವಿರ ಹೇಳಿದ. ಪೂಜಾರಿಯವರಿಗೆ ಪಿತ್ತ ನೆತ್ತಿಗೇರಿತು. "ನನ್ನ ಗಾಡಿಯನ್ನ ತೂಕಕ್ಕೆ ಹಾಕ್ತಾನಂತೆ, ಬೇವರ್ಸಿ!" ಎಂದು ಅವನನ್ನು ಓಡಿಸಿ, ಗುರಲಿಂಗಪ್ಪನನ್ನು ಕರೆದು ವೀಳ್ಯದೆಲೆ, ಅಡಿಕೆ, ಅದರ ಮೇಲೆ ಚಾವಿ ಇಟ್ಟು ಕೊಟ್ಟರು. ಹೆಸರು ಬದಲಾಯಿಸಿಕೋ ಎಂದೂ ಹೇಳಿದರು. ಕೇಳಬೇಕಲ್ಲ ಇವನು? "ನಿಮ್ಮ ಹೆಸರ ಇರ್ಲಿ ಸಾವ್ಕಾರ್ರ, ಗಾಡಿಗೆ ಅದ ಶೋಭಾ," ಎಂದ. ಐದು ವರ್ಷಕ್ಕೊಮ್ಮೆ ಹಳೇ ಗಾಡಿಯ ನೋಂದಣಿ ನವೀಕರಿಸುವ ಪಾಸಿಂಗ್ ಬಂದಾಗ ಪಾರ್ಲೆಗೆ ಹೋಗುವುದು, ಅವರು ಸಹಿ ಹಾಕುವುದು, ಇಬ್ಬರೂ ಕೂತು ಚಹಾ ಕುಡಿಯುವುದು. ಆ ಚಹಾದ ಆಸೆಯೂ ಇತ್ತು ಅನ್ನಿ.

ಈಗ ಬಂತು ಫಜೀತಿ. ಸಹಿ ಬೇಕು. ಸಹಿಗೆ ಹೋದರೆ ರೇಟು ಕೇಳುತ್ತಾರೆ. ಹನ್ನೊಂದು ಲಕ್ಷ ಎಂದರೆ? ಪುಕ್ಕಟೆ ಕೊಟ್ಟದ್ದು ಈಗ ಬಂಗಾರವಾಯಿತಲ್ಲ ಎಂದು ಅವರ ಮನಸ್ಸು ಮುರಿದರೆ? ಸಹಿ ಹಾಕದಿದ್ದರೆ?

"ಖರೇ ಹೇಳಿಬಿಡ್ರಿ," ಎಂದಳು ಲಕ್ಷ್ಮವ್ವ. "ಅವ್ರು ಅಂಥಾವ್ರಲ್ಲ."

"ನಿನಗೇನ ತಿಳೀತದ, ರೊಕ್ಕದ ಮುಂದ ಎಲ್ಲಾರೂ ಅಂಥಾವ್ರ!" ಎಂದು ರೇಗಿದ. ರೇಗಿದ್ದು ಅವಳ ಮೇಲಲ್ಲ, ಅದು ಅವಳಿಗೂ ಗೊತ್ತು.

ಮರುದಿನ ವಡಾಲಾದಲ್ಲಿ ಗೋರೆಗಾಂವ್ ಲೋಕಲ್ ಹಿಡಿದು ಪಾರ್ಲೆಯಲ್ಲಿ ಇಳಿದ. ಪೂಜಾರಿಯವರಿಗೆ ಎಪ್ಪತ್ತೆಂಟು ಈಗ. ಕೈ ನಡುಗುತ್ತದೆ, ದನಿ ಮಾತ್ರ ಹಿಂದಿನದೇ. ಫಾರ್ಮುಗಳನ್ನು ಮುಂದಿಟ್ಟು, "ಗಾಡಿ ಕೊಡಾಕತ್ತೀನ್ರಿ, ಸಾವ್ಕಾರ್ರ. ಜಾಗಾ ಇಲ್ಲ," ಎಂದ.

"ಹೌದಾ?" ಎಂದರು ಅವರು. ಮತ್ತೇನೂ ಕೇಳಲಿಲ್ಲ. ಸುಮ್ಮನೆ ಇವನ ಮುಖವನ್ನೇ ನೋಡುತ್ತ ಕೂತರು.

ಚಹಾ ತಂದ ಪ್ರಫುಲ್ಲಕ್ಕನಿಗೆ ಸುಮ್ಮನಿರಲಾದೀತೆ? "ಎಷ್ಟಕ್ಕೆ ಹೋಯ್ತು ಮಾರಾಯಾ?"

"ನಲವತ್ತ ಸಾವಿರ್ರಿ, ಅಕ್ಕಾರ."

ಬಾಯಿಂದ ಬಿದ್ದೇಹೋಯಿತು. ಎಲ್ಲಿಂದ ಬಂತೋ ಆ ಅಂಕಿ, ಆ ಶಿವನಿಗೇ ಗೊತ್ತು.

"ಅಯ್ಯೋ, ಅಷ್ಟು ಬಂತಾ ಆ ಡಬ್ಬಿಗೆ!" ಎಂದು ಪ್ರಫುಲ್ಲಕ್ಕ ಖುಷಿಯಿಂದ ಒಳಗೆ ಹೋದರು. ಪೂಜಾರಿಯವರು ನಗಲಿಲ್ಲ. ಕನ್ನಡಕ ಹಾಕಿಕೊಂಡರು, ಪೆನ್ನು ತೆಗೆದುಕೊಂಡರು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಐದೂ ಕಡೆ ಸಹಿ ಹಾಕಿದರು. "ಒಳ್ಳೇದಾಯ್ತು," ಎಂದು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಗುರಲಿಂಗಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನಲವತ್ತೈದು ವರ್ಷ ಈ ಊರಲ್ಲಿ ದುಡಿದವನು, ಯಾರಿಗೂ ಮೋಸ ಮಾಡಿದವನಲ್ಲ. ಮಾಡಿದ್ದು ಒಂದೇ ಸಲ, ಅದೂ ಯಾರಿಗೆ ನೋಡಿ!

ಶನಿವಾರ ಬೆಳಿಗ್ಗೆ ಸುಕೇಶ್ ಬಂದ. ಹಣ ಬ್ಯಾಂಕಿಗೆ ಬಿತ್ತು, ಮೊಬೈಲು ಟಿಣ್ ಎಂದಿತು. ಲಕ್ಷ್ಮವ್ವ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಸಹಿ ಮಾಡಿದ ಕಾಗದ ತಿರುವಿ ನೋಡಿದ ಸುಕೇಶ್ ನಕ್ಕ.

"ಪೂಜಾರಿ ಅಂಕಲ್ ಮಾತು ಉಳಿಸಿಕೊಂಡರು."

"ಯಾವ ಮಾತ?"

"ಅರೇ, ಅವರು ಹೇಳ್ಲಿಲ್ವಾ? ಗಾಡಿಯ ನಂಬರ್ ಹಾಕಿ ನೋಡಿದ್ರೆ ಅವರ ಹೆಸರು ಬಂತು. ನಾನು ಪೆಹಲೇ ಅವರ ಮನೆಗೇ ಹೋದದ್ದು, ಅಂಕಲ್ ಒಬ್ಬರೇ ಇದ್ದರು. ಏಳು ಲಕ್ಷ ಅಂದೆ. ಗಾಡಿ ನನ್ನದಲ್ಲ, ಗುರಲಿಂಗಂದು, ಆಂಟಾಪ್ ಹಿಲ್‌ಗೆ ಹೋಗು ಅಂದರು. ಮತ್ತೆ ಪಕ್ಕದ ಮನೆಯ ಹುಡುಗನನ್ನ ಕರೆದು ಫೋನಲ್ಲಿ ಎಲ್ಲಾ ರೇಟ್ ಹುಡುಕಿಸಿದರು. ಗುರಲಿಂಗನಿಗೆ ಈಗಿನ ರೇಟ್ ಗೊತ್ತಿಲ್ಲ, ಹನ್ನೊಂದಕ್ಕಿಂತ ಏಕ್ ರುಪಯಾ ಕಮ್ಮಿ ಕೊಟ್ರೂ ಸಹಿ ಹಾಕುದಿಲ್ಲ ಅಂದರು. ಹನ್ನೊಂದಕ್ಕೆ ಮುಗಿಯಿತು ಅಂತ ನಾನು ಅವತ್ತೇ ಅವರಿಗೆ ಫೋನ್ ಮಾಡಿ ಹೇಳಿದೆ."

ಗುರಲಿಂಗಪ್ಪನಿಗೆ ಆಗ ಹೊಳೆಯಿತು. ಅಂದರೆ ಅವತ್ತು ಅವರಿಗೆ ಎಲ್ಲಾ ಗೊತ್ತಿತ್ತು! ಎಲ್ಲಾ ಗೊತ್ತಿದ್ದೂ ಈ ಬಾಯಿಂದ ಬಿದ್ದ ಸುಳ್ಳನ್ನು ಕೇಳಿಸಿಕೊಂಡು, ಐದು ಕಡೆ ಸಹಿ ಹಾಕಿ ಕಳಿಸಿದರು. ಲಕ್ಷ್ಮವ್ವ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

"ತಮ್ಮಾ, ಎರಡ ತಾಸು ಗಾಡಿ ಕೊಡು. ಆಮ್ಯಾಲ ನಾನ ಬಾಂದ್ರಾಕ್ಕ ತಂದು ಬಿಡ್ತೀನಿ," ಎಂದ. ಮುಖ ನೋಡಿದ ಸುಕೇಶ್ ಚಾವಿಯನ್ನು ಮರಳಿ ಕೊಟ್ಟ.

ಪಾರ್ಲೆಯವರೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಫೋಟೋ ತೆಗೆದರು, ಒಬ್ಬ ಪೊಲೀಸು ಬಾನೆಟ್ ತಟ್ಟಿ "ಮಸ್ತ್ ಗಾಡೀ ಆಹೇ" ಎಂದ. ಯಾವುದೂ ಅವನ ತಲೆಗೆ ಹೋಗಲಿಲ್ಲ. ಬಿಲ್ಡಿಂಗ್ ಕಾಂಪೌಂಡಿನೊಳಗೆ ನಿಲ್ಲಿಸುವಷ್ಟರಲ್ಲಿ ಪೂಜಾರಿಯವರು ಮೆಟ್ಟಿಲಿಳಿದು ಬಂದೇಬಿಟ್ಟಿದ್ದರು. ಎರಡನೇ ಮಹಡಿಯಿಂದಲೇ ಆ ಇಂಜಿನ್ನಿನ ಸದ್ದು ಗುರುತು ಹಿಡಿದಿದ್ದರು. ಹವಾಯಿ ಚಪ್ಪಲಿ ಎಡಬಲ ಅದಲು ಬದಲು.

"ಸಾವ್ಕಾರ್ರ, ನಾ ಸುಳ್ಳ ಹೇಳಿದೆ."

"ಗೊತ್ತುಂಟು."

"ಹೆದರಿ ಹೇಳಿದೆ, ಸಾವ್ಕಾರ್ರ. ನೀವು ಸಹಿ ಹಾಕೂದಿಲ್ಲೇನೋ ಅಂತ... ಅರ್ಧಾ ನಿಮಗ ಕೊಡ್ತೀನಿ. ಪೂರಾ ಬೇಕಂದ್ರೂ ತಗೋರಿ. ನನ್ನ ಮ್ಯಾಲ ಸಿಟ್ಟ ಮಾತ್ರ ಮಾಡಬ್ಯಾಡ್ರಿ."

"ದುಡ್ಡು ನನಗೆ ಎಂತಕ್ಕೆ? ಈ ವಯಸ್ಸಿನಲ್ಲಿ ಗಂಜಿ, ಚಟ್ನಿ, ಬಿಪಿ ಮಾತ್ರೆ. ಅಷ್ಟಕ್ಕೆ ಉಂಟು." ಪೂಜಾರಿಯವರು ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಸಿಯಾಗಿತ್ತು, ಆದರೂ ತೆಗೆಯಲಿಲ್ಲ. "ಸಿಟ್ಟು ಬಂದದ್ದು ಹೌದು. ಬೆಲೆ ಎಷ್ಟು ಅಂತ ನನಗೆ ಮೊದಲೇ ಗೊತ್ತಿತ್ತಲ್ಲ? ನಿನ್ನ ಬಾಯಿಂದ ಕೇಳ್ಬೇಕು ಅಂತ ಕೂತಿದ್ದೆ, ಗುರಲಿಂಗ. ಹೆಣ್ಣು ಕೊಟ್ಟವರು ಮಗಳ ಒಳ್ಳೇ ಸುದ್ದಿಗೆ ಕಾಯುವ ಹಾಗೆ ಕಾದುಕೊಂಡು ಕೂತಿದ್ದೆ. ನೀನು ಬಂದು ನಲ್ವತ್ತು ಸಾವಿರ ಅಂದಿ. ನಮ್ಮ ಗಾಡಿಗೆ! ಎಷ್ಟು ಬೇಜಾರಾಯ್ತು ಗೊತ್ತುಂಟಾ? ಆ ಗುಜರಿಯವ ಹೇಳಿದಾಗಲೂ ಅಷ್ಟು ಆಗಿರ್ಲಿಲ್ಲ."

ಅರವತ್ತು ದಾಟಿದ ಗಂಡಸು ಗುರಲಿಂಗಪ್ಪ, ವಾಚ್‌ಮನ್ ನೋಡುತ್ತಿದ್ದಾನೆ ಎಂಬ ಪರಿವೆಯೂ ಇಲ್ಲದೆ ಕಣ್ಣೀರು ಸುರಿಸಿದ.

"ಅಳುದು ಆಮೇಲೆ. ಈಗ ಹೇಳು, ಎಷ್ಟಕ್ಕೆ ಹೋಯ್ತು?"

"ಹನ್ನೊಂದ ಲಕ್ಷರಿ."

"ಎಂತ ಮಾರಾಯ, ಇಲಿ ಮಾತಾಡಿದ ಹಾಗೆ? ಜೋರು ಹೇಳು. ಮೇಲೆ ಪ್ರಫುಲ್ಲಾಗೆ ಕೇಳ್ಲಿ. ಮೊನ್ನೆಯಿಂದ ಡಬ್ಬಿ ಡಬ್ಬಿ ಅಂತಿದ್ದಾಳೆ."

ಗುರಲಿಂಗಪ್ಪ ತೋಳಿನಿಂದ ಮುಖ ಒರೆಸಿಕೊಂಡ. ತಲೆಯೆತ್ತಿ, ಇಡೀ ಕಾಂಪೌಂಡಿಗೆ ಕೇಳುವಂತೆ ಕೂಗಿದ. "ಹನ್ನೊಂದ ಲಕ್ಷ, ಅಕ್ಕಾರ! ನಮ್ಮ ಗಾಡಿ ಹನ್ನೊಂದ ಲಕ್ಷಕ್ಕ ಹೋತು!"

ಮೂರು ಮಹಡಿಯ ಕಿಟಕಿಗಳು ತೆರೆದುಕೊಂಡವು. ದೂಜ ಪೂಜಾರಿಯವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದು ಕಿಟಕಿಯನ್ನೂ ಬಿಡದೆ ನೋಡಿದರು.

"ಇನ್ನೊಮ್ಮೆ ಹೇಳು," ಎಂದರು.