ಕೆಂಪು ಬಟ್ಟೆಯ ಗಂಟು

ಸರ್ಕಾರಿ ಅಧಿಕಾರಿ ಚಾಚಿದ ಕೈ ಚಾಚಿದಂತೆಯೇ ಇತ್ತು. ಅಂಗೈ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಗಂಟು. ಫಿಲೊಮೀನಜ್ಜಿ ಅದನ್ನು ನೋಡುತ್ತ ಕೂತ ಹೊತ್ತಿನಲ್ಲಿ ನಮ್ಮ ಸರೋವರ ಎರಡು ಸಲ ಹೆಪ್ಪುಗಟ್ಟಿ ಕರಗಬಹುದಿತ್ತು. ನಾನು ಬಣ್ಣ ಕಟ್ಟಿ ಹೇಳುವವನಲ್ಲ. ಅಲ್ಲಿದ್ದ ನಾಲ್ಕು ಸಾವಿರ ಜನರನ್ನು ಕೇಳಿ. ಕೆನಡಾದ ಉತ್ತರದಲ್ಲಿರುವ ನಮ್ಮ ಕ್ರೀ ಬುಡಕಟ್ಟಿನ ಊರಿನಲ್ಲಿರುವವರೇ ಮುನ್ನೂರು ಎಂಬುದು ಬೇರೆ ಮಾತು.

ನಮ್ಮಲ್ಲಿ ಯಾರಿಂದಲಾದರೂ ದೊಡ್ಡ ಕೆಲಸವಾಗಬೇಕಿದ್ದರೆ ಹೊಗೆಸೊಪ್ಪು ಚಾಚಿ ಕೇಳಬೇಕು. ತೆಗೆದುಕೊಂಡವರು ಒಪ್ಪಿದಂತೆ, ಹಿಂದೆ ಸರಿಯುವಂತಿಲ್ಲ. ಇದನ್ನು ಆತನಿಗೆ ಕಲಿಸಿದ ಮಹಾಗುರು ನಾನೇ. ಕೊಡುವುದನ್ನಷ್ಟೇ ಕಲಿಸಿದ್ದೆ.

ಆತ ಬಂದದ್ದು ಇಷ್ಟಕ್ಕೆ: ಸರ್ಕಾರ ನಮ್ಮ ಮಕ್ಕಳನ್ನು ಮನೆಗಳಿಂದ ಕಿತ್ತೊಯ್ದು ಇಡುತ್ತಿದ್ದ ವಸತಿಶಾಲೆಯ ಕಥೆಯನ್ನು ಅಜ್ಜಿ ಮತ್ತೆ ಹೇಳಬೇಕು, ಆತ ಸರ್ಕಾರದ ಪರವಾಗಿ ಕ್ಷಮೆ ಕೇಳಬೇಕು, ಎಲ್ಲರೂ ರೊಟ್ಟಿ ತಿಂದು ಮನೆಗೆ ಹೋಗಬೇಕು. ಆಕೆ ಒಂಬೈನೂರು ಸಲ ಹೇಳಿದ ಕಥೆ. ಹೇಳಿದಾಗಲೆಲ್ಲ ಮೂರು ದಿನ ಹಾಸಿಗೆ ಬಿಟ್ಟೇಳುವುದಿಲ್ಲ. ಆರು ವರ್ಷದವಳಿದ್ದಾಗ ಅವಳನ್ನೂ ಅಣ್ಣ ಇಸಿಡೋರನನ್ನೂ ವಿಮಾನದಲ್ಲಿ ಒಯ್ದಿದ್ದರು. ಮರಳಿದ್ದು ಅವಳೊಬ್ಬಳೇ. ಅವನನ್ನು ಎಲ್ಲಿ ಹೂತರೆಂದು ಯಾರೂ ಹೇಳಿರಲಿಲ್ಲ.

"ಸಾಕಾಗಿದೆ ಮಗಾ, ಈ ಬಾಯಿಗೂ ವಯಸ್ಸಾಯ್ತು," ಎಂದಳು ಅಜ್ಜಿ, ಕ್ರೀಯಲ್ಲಿ. ಅವನ ಗಂಟನ್ನು ಮುಟ್ಟಲಿಲ್ಲ. ತನ್ನ ಚೀಲದಿಂದ ಇನ್ನೊಂದು ಗಂಟು ತೆಗೆದು ಅವನತ್ತ ಚಾಚಿದಳು. "ನೀನೇ ಇದನ್ನ ತಗೋ. ನಮ್ಮಣ್ಣ ಎಲ್ಲಿದಾನೆ ಅಂತ ಹುಡುಕಿಕೊಡು."

ಅನುವಾದ ನನ್ನ ಕೆಲಸ. ಆಗಲೇ ನನಗೆ ಭಯಂಕರ ಕೆಮ್ಮು ಬಂತು. ಉಡುಗೊರೆ ಅಂದುಕೊಂಡ ಅಧಿಕಾರಿ ನಕ್ಕು ಅದನ್ನು ಜೇಬಿಗಿಳಿಸಿದ ಮೇಲೆ ಕೆಮ್ಮು ನಿಂತಿತು. ಆಗ ಹೇಳಿದೆ.

ಅದು ತನ್ನ ವಿಭಾಗದ್ದಲ್ಲ, ಕಡತಗಳು ಬೇರೆ ಕಡೆ ಇವೆ ಎಂದು ಆತ ತೊದಲಿದ. ಗಂಟನ್ನು ವಾಪಸು ಕೊಡಲು ಸುತ್ತ ನೋಡಿದ. ಮುನ್ನೂರು ಜನರ ಕೈಗಳೂ ಜೇಬು ಸೇರಿದ್ದವು.

"ತಗೊಂಡಾಯ್ತಲ್ಲ ಮಾರಾಯ," ಎಂದೆ.

ಅಜ್ಜಿ ನಗಲಿಲ್ಲ. ಗೋಡೆ ಹಿಡಿದುಕೊಂಡು ಮನೆಗೆ ನಡೆದಳು.

ಸರೋವರದ ಮಂಜುಗಡ್ಡೆ ಕರಗಿದ ಮೇಲೆ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಆತ ಒಬ್ಬನೇ ಬಂದ. ಕಣ್ಣುಗಳು ಗುಳಿಬಿದ್ದಿದ್ದವು. ಅಜ್ಜಿಯ ಮೇಜಿನ ಮೇಲೆ ಮೊದಲು ಅವಳು ಕೊಟ್ಟಿದ್ದ, ಈಗ ಬಣ್ಣಗೆಟ್ಟ ಗಂಟನ್ನಿಟ್ಟ, ಆಮೇಲೆ ಶಾಲೆಯ ಹಳೆಯ ನಕ್ಷೆ ಬಿಡಿಸಿದ. ಒಂದು ಮೂಲೆಯಲ್ಲಿ ಚಿಕ್ಕ ಶಿಲುಬೆಗಳ ಸಾಲು. ಏಳನೆಯದರ ಪಕ್ಕದಲ್ಲಿ ಇಸಿಡೋರನ ಹೆಸರಿತ್ತು.

ಅಜ್ಜಿ ಅದರ ಮೇಲೆ ಬೆರಳಿಟ್ಟಳು. "ನಮ್ಮಣ್ಣ ನೀರಿನ ಪಕ್ಕದಲ್ಲೇ ಬೆಳೆದೋನು. ನೀರು ಹತ್ರ ಐತಾ, ಕೇಳು."

ಇಪ್ಪತ್ತು ಹೆಜ್ಜೆ ಎಂದ ಆತ. ನಾನು ಒಂದು ಹೆಜ್ಜೆಯನ್ನೂ ಸೇರಿಸದೆ ಹೇಳಿದೆ.

ಚಹಾ ಆರಿತು. ಅಜ್ಜಿ ಬೆರಳು ತೆಗೆಯಲಿಲ್ಲ.